ಗಾಯರಾಣದಲ್ಲಿ ಮತ್ತೆ ಹುಲ್ಲು ಬೆಳೆಸುವ ಬಗೆ

ಉಮರ್ಗಾ, ನಿಲಂಗಾ, ಉದಗೀರ ಈ ಮೂರು ತಾಲೂಕುಗಳಲ್ಲಿ ಯಾವ ಹಳ್ಳಿಗೆ ಹೋದರೂ ಊರ ಹೊರಗೆ ಒಂದು ಬೋಳು ಮಡ್ಡಿ ಕಣ್ಣಿಗೆ ಬೀಳುತ್ತದೆ. ಸಾತಬಾರಾ ಉತಾರದಲ್ಲಿ ಅದಕ್ಕೆ ಗಾಯರಾಣವೆಂದು ಹೆಸರು. ಮೈಸೂರು ಸೀಮೆಯವರು ಇದನ್ನೇ ಗೋಮಾಳವೆನ್ನುತ್ತಾರೆ. ಹೆಸರಿನಲ್ಲಿ ಆಕಳಿದೆ, ನೆಲದ ಮೇಲೆ ಹುಲ್ಲಿಲ್ಲ. ವೈಶಾಖದಲ್ಲಿ ಸುಳಿಗಾಳಿ ಎದ್ದರೆ ಅಲ್ಲಿಯ ಧೂಳು ಊರ ಮಾಳಿಗೆಗಳ ಮೇಲೆ ಬಂದು ಕೂಡುತ್ತದೆ. ಮಿರಗದ ಮೊದಲ ಮಳೆಗೆ ಉಳಿದ ಮಣ್ಣು ಹಳ್ಳ ಹಿಡಿಯುತ್ತದೆ. ಕೊನೆಗೆ ಉಳಿಯುವದು ಬರೀ ಗರಸು, ಮತ್ತು ದನ ಮುಟ್ಟದ ತಂಗಡಿ ಗಿಡ.

ಇದಕ್ಕೆ ಮರುಭೂಮಿಯೆಂದು ಕರೆಯುವದು ಅತಿಯಾಯಿತೆಂದು ಕೆಲ ವಾಚಕರಿಗೆ ತೋರಬಹುದು. ಮರುಭೂಮಿಯೆಂದೊಡನೆ ನಮ್ಮ ಸಾಲೆಯ ಹುಡುಗರು ಒಂಟೆಯ ಚಿತ್ರ ತೆಗೆಯುತ್ತಾರೆ. ಕನ್ನಡಿಗರಿಗೆ ಮರಳಿನ ದಿಬ್ಬವೆಂದರೆ ಕಾವೇರಿ ದಂಡೆಯ ತಲಕಾಡು, ಅಷ್ಟೇ. ಆದರೆ 1994ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಾಷ್ಟ್ರಗಳು ಕೂಡಿ ಮಾಡಿಕೊಂಡ ಒಪ್ಪಂದದಲ್ಲಿ ಮರಳಿನ ಷರತ್ತೇ ಇಲ್ಲ. ಒಣ ಮತ್ತು ಅರೆಒಣ ಸೀಮೆಗಳಲ್ಲಿ ಹವಾಮಾನದಿಂದಲೋ ಮನುಷ್ಯನ ಕೈಯಿಂದಲೋ ನೆಲದ ಸತ್ವ ಕುಗ್ಗುತ್ತ ಹೋಗುವದೇ ಮರುಭೂಮೀಕರಣವೆಂದು ಅದರ ಅರ್ಥ. ಅಹಮದಾಬಾದದ ಬಾಹ್ಯಾಕಾಶ ಉಪಯೋಗ ಕೇಂದ್ರದವರು 2016ರಲ್ಲಿ ಹೊರತಂದ ನಕಾಶೆ ಪುಸ್ತಕದಲ್ಲಿ ಮಹಾರಾಷ್ಟ್ರದ ನೆಲದಲ್ಲಿ ಶೇಕಡಾ 40ಕ್ಕೂ ಹೆಚ್ಚು ಈ ಪಟ್ಟಿಯಲ್ಲಿ ಸೇರಿದೆ. ನಮ್ಮಲ್ಲಿ ವರ್ಷಕ್ಕೆ ಏಳೆಂಟು ನೂರು ಮಿಲಿಮೀಟರ್ ಮಳೆಯಾಗುತ್ತದೆ. ಇದು ಜೋಧಪುರದ ಮಳೆಯ ಎರಡು ಪಾಲು. ಆದುದರಿಂದ ಮಳೆಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಜೋಧಪುರದ ಹೆಸರು ಬಂದಿತೆಂದು ಅಲ್ಲಿಯವರ ಕೆಲಸವನ್ನು ಸ್ವಲ್ಪ ಹೇಳುವದು ಅವಶ್ಯವಿದೆ. 1952ರಲ್ಲಿ ಅಲ್ಲಿ ಮರುಭೂಮಿಯಲ್ಲಿ ಗಿಡ ಬೆಳೆಸುವ ಕೇಂದ್ರವೊಂದು ಆರಂಭವಾಯಿತು. 1959ರಲ್ಲಿ ಅದೇ ಬೆಳೆದು ಕೇಂದ್ರೀಯ ಶುಷ್ಕ ಪ್ರದೇಶ ಸಂಶೋಧನ ಸಂಸ್ಥೆಯಾಯಿತು. ಓಡಾಡುವ ಮರಳಿನಲ್ಲಿ ನೇರವಾಗಿ ಸಸಿ ಹಚ್ಚಿದರೆ ಗಾಳಿಗೆ ಬೇರು ಬಯಲಾಗುತ್ತದೆ, ಇಲ್ಲವೆ ಸಸಿಯೇ ಹೂತು ಹೋಗುತ್ತದೆ. ಅದಕ್ಕೋಸ್ಕರ ಅವರು ಮೊದಲು ಅಲ್ಲಿಯದೇ ಒಣ ಪೊದೆಗಳನ್ನು ಕಡಿದು ಗಾಳಿಗೆ ಅಡ್ಡಲಾಗಿ ಸಾಲು ಸಾಲಾಗಿ ಹುಗಿದರು. ಮರಳು ನಿಂತಿತು. ಆ ಮೇಲೆ ಸೇವಣ ಹುಲ್ಲು, ಅದರ ಸಂಗಡ ಗಿಡ. ಚೀನದವರು ಶಾಪೋತೌ ಎಂಬಲ್ಲಿ 1958ರಲ್ಲಿ ಮುಗಿದ ರೈಲು ದಾರಿಯನ್ನು ಮರಳಿನಿಂದ ಕಾಯಲು ಒಣ ಹುಲ್ಲನ್ನೇ ಚೌಕಟ್ಟಾಗಿ ಹುಗಿದರು. ಒಂದೊಂದು ಚೌಕ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಎರಡೂ ಕಡೆಗೆ ಕ್ರಮ ಒಂದೇ: ಮೊದಲು ನೆಲದ ಮೇಲ್ಮೈ ಓಡುವದನ್ನು ನಿಲ್ಲಿಸುವದು, ಬೀಜದ ಮಾತು ಆಮೇಲೆ. ನಮ್ಮ ಮಡ್ಡಿಯಲ್ಲಿ ಮಣ್ಣನ್ನು ಓಡಿಸುವದು ಹೆಚ್ಚಾಗಿ ನೀರು, ಗಾಳಿ ಕಡಿಮೆ. ಕ್ರಮ ಬದಲಾಗುವದಿಲ್ಲ.

ಎಷ್ಟು ಮಣ್ಣು ಓಡುತ್ತದೆ? ಏಳನೆಯ ಇಯತ್ತೆಯ ಹುಡುಗರಿಂದ ಈ ಲೆಕ್ಕ ಮಾಡಿಸಿದ್ದೆವು. ಒಂದು ಎಕರೆಯ ಮೇಲಿನಿಂದ ಒಂದೇ ಮಿಲಿಮೀಟರ್ ದಪ್ಪದ ಮಣ್ಣು ಹೋಯಿತೆನ್ನಿರಿ. ಜೋಳದ ಕಾಳಿನಷ್ಟೂ ದಪ್ಪವಲ್ಲ. ಅದು 4 ಘನಮೀಟರ್ ಆಗುತ್ತದೆ, ತೂಕಕ್ಕೆ ಸುಮಾರು 5 ಟನ್ನು. ಮತ್ತೆ ಅದೇ ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 40 ಸಾವಿರ ಲೀಟರ್ ನೀರು. ಮಣ್ಣು ಹೋದ ಗರಸಿನ ಮೇಲೆ ಆ ನೀರು ನಿಲ್ಲುವದೆಂತು?

ಇನ್ನು ಹುಲ್ಲಿನ ವಿಷಯ. ನಮ್ಮ ದಖ್ಖನದ ಮಡ್ಡಿಯ ನಿಜವಾದ ಹುಲ್ಲುಗಳು ಪವನ್ಯಾ ಮತ್ತು ಮಾರವೇಲ. ಈ ಹೆಸರುಗಳು ಮರಾಠಿಯವು, ನಮ್ಮ ಭಾಗದಲ್ಲಿ ಕನ್ನಡದವರೂ ಹಾಗೆಯೇ ಅನ್ನುತ್ತಾರೆ. ಎರಡೂ ಹಲವು ವರ್ಷ ಬದುಕುವ ಬುಡದ ಹುಲ್ಲುಗಳು, ದನಕ್ಕೆ ಬಲು ರುಚಿ. ರುಚಿಯೇ ಅವುಗಳಿಗೆ ಮುಳುವಾಗುತ್ತದೆ. ಮೇಯಿಸುವದು ಮಿತಿ ಮೀರಿದಾಗ ಮೊದಲು ಪವನ್ಯಾ ಮಾಯವಾಗುತ್ತದೆ, ಅದರ ಜಾಗೆಯಲ್ಲಿ ಕುಸಳ ಬರುತ್ತದೆ. ಎಳೆಯದಿದ್ದಾಗ ಕುಸಳವನ್ನು ದನ ತಿನ್ನುತ್ತದೆ, ಬೀಜ ಕಟ್ಟಿದ ಮೇಲೆ ಅದರ ಚೂಪಾದ ಮುಳ್ಳು ಕುರಿಯ ಬಾಯಿಯಲ್ಲಿ ನಾಟುತ್ತದೆ. ಬೇಸಿಗೆಯಲ್ಲಿ ಮಡ್ಡಿಗೆ ಬೆಂಕಿ ಹಚ್ಚುವ ರೂಢಿಯಿದ್ದಲ್ಲಿ ಈ ಕುಸಳವೇ ಬಲಿಯುತ್ತದೆ, ಬೆಂಕಿಯನ್ನು ತಡೆಯುವ ಶಕ್ತಿ ಅದಕ್ಕೆ ಹೆಚ್ಚು. ಇನ್ನೂ ಮೇಯಿಸಿದರೆ ಮಳೆಗಾಲದಲ್ಲಿ ಹುಟ್ಟಿ ದೀಪಾವಳಿಗೆ ಸಾಯುವ ಗಿಡ್ಡ ಹುಲ್ಲು ಮಾತ್ರ. ಕೊನೆಗೆ ತಗಚಿ, ತಂಗಡಿ, ಕಾಂಗ್ರೆಸ್ ಕಸ. ಯಾವ ಊರಿನ ಗಾಯರಾಣ ಎಷ್ಟು ಕೆಳಗಿಳಿದಿದೆಯೆಂಬುದನ್ನು ಈ ಸಾಲಿನಿಂದಲೇ ಗುರುತಿಸಬಹುದು. ಕುಸಳ ಉಳಿದಿದ್ದರೆ ಚಿಂತೆಯಿಲ್ಲ, ಎರಡು ಮಳೆಗಾಲ ದನ ಬಿಡದಿದ್ದರೆ ಸಾಕು, ಹೆಚ್ಚಿನ ಖರ್ಚೇನೂ ಬಾರದು. ತಂಗಡಿಯೊಂದೇ ಉಳಿದಿದ್ದರೆ ಕೆಲಸ ದೊಡ್ಡದು.

ನಾವು ಕೈ ಹಚ್ಚಿದ್ದು ಎರಡನೆಯ ಬಗೆಯ ನೆಲಕ್ಕೆ, ನಮ್ಮ ಊರ ಗಾಯರಾಣದ ಎಂಟು ಎಕರೆಗೆ. ಮೊದಲನೆಯ ವರ್ಷ ಮಾಡಿದ್ದು ತಪ್ಪು. ಇಳಿಜಾರಿಗೆ ಅಡ್ಡಲಾಗಿ ಎರಡು ಫೂಟು ಆಳದ ಚರಗಳನ್ನು ತೋಡಿಸಿದೆವು. ಗೇಣು ಮಣ್ಣೂ ಇಲ್ಲದ ಕಡೆ ಎರಡು ಫೂಟು ತೋಡಿದರೆ ಒಳಗಿನ ಗರಸೆಲ್ಲ ಮೇಲೆ ಬರುತ್ತದೆ. ಇದ್ದ ಚೂರು ಮಣ್ಣು ಅದರ ಕೆಳಗೆ ಹೂತಿತು, ಆ ದಿಬ್ಬಗಳ ಮೇಲೆ ಮೂರು ವರ್ಷವಾದರೂ ಕರಕಿ ಕೂಡ ಹಬ್ಬಲಿಲ್ಲ. ಚರಗಳು ಮಣ್ಣಿನ ಆಳ ಇರುವಲ್ಲಿ ಒಳ್ಳೆಯವು. ಗರಸಿನ ಮೇಲೆ ಕಲ್ಲಿನ ಸಾಲೇ ಹಿತಾವಹ.

ಕಲ್ಲಿನ ಸಾಲು ಸಮಪಾತಳಿಯಲ್ಲಿಯೇ ಇರತಕ್ಕದ್ದು. ಕಣ್ಣಂದಾಜಿನಿಂದ ಹಾಕಿದರೆ ನೀರು ತಗ್ಗಿನ ತುದಿಗೆ ಓಡಿ ಅಲ್ಲಿ ಹೊಸ ಕೊರಕಲು ಮಾಡುತ್ತದೆ. ಇದಕ್ಕೆ ಓವರಸಿಯರನ ದುರ್ಬೀನು ಬೇಕಿಲ್ಲ. ಏಳು ಫೂಟಿನ ಎರಡು ಸಮನಾದ ಬಿದಿರುಗಳ ತುದಿಗಳನ್ನು ಕೂಡಿಸಿ ಕಟ್ಟಿರಿ. ಕಾಲುಗಳನ್ನು ಅಗಲಿಸಿ ನಡುವೆ ಒಂದು ಅಡ್ಡಪಟ್ಟಿ ಬಿಗಿಯಿರಿ. ಮೇಲಿನ ಗಂಟಿನಿಂದ ಒಂದು ದಾರ ಇಳಿಬಿಟ್ಟು ಅದರ ತುದಿಗೆ ಕಲ್ಲು ಕಟ್ಟಿರಿ. ಈಗ ಎರಡು ಗೂಟಗಳ ಮೇಲೆ ಅದನ್ನು ನಿಲ್ಲಿಸಿ, ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಮಾಡಿರಿ. ಆ ಮೇಲೆ ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ನಿಲ್ಲಿಸಿ ಇನ್ನೊಂದು ಗುರುತು. ಎರಡು ಗುರುತುಗಳ ನಟ್ಟನಡುವಿನ ಜಾಗೆಯೇ ಸಮಪಾತಳಿಯ ಗುರುತು. ಮಡ್ಡಿಯ ಮೇಲೆ ಒಂದು ಕಾಲನ್ನು ಊರಿ, ದಾರ ಆ ಗುರುತಿಗೆ ಬರುವ ತನಕ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸಬೇಕು. ಬಂದಲ್ಲಿ ಸುಣ್ಣ ಹಾಕಿ ಮುಂದಕ್ಕೆ ನಡೆಸಬೇಕು. ಗಾಳಿ ಬೀಸುವಾಗ ದಾರ ನಿಲ್ಲದು, ಬೆಳಗಿನ ಹೊತ್ತೇ ಒಳ್ಳೆಯದು. ನಮ್ಮ ಸಾಲೆಯ ಹುಡುಗಿಯರಿಬ್ಬರು ಒಂದು ಶನಿವಾರದಲ್ಲಿ ಅರ್ಧ ಮಡ್ಡಿಗೆ ಗೆರೆ ಎಳೆದರು. ದೊಡ್ಡವರಿಗೆ ನಂಬಿಕೆ ಬರಲಿಲ್ಲ, ಮಳೆ ಬಂದು ನೀರು ಸಾಲಿನುದ್ದಕ್ಕೂ ಒಂದೇ ಸಮನೆ ನಿಂತ ಮೇಲೆಯೇ ಒಪ್ಪಿದರು.

ಗೆರೆಯ ಮೇಲೆ ನಾಲ್ಕು ಬೆರಳು ಆಳ ಕೆದರಿ, ದೊಡ್ಡ ಕಲ್ಲುಗಳನ್ನು ಕೆಳಗೂ ಚಿಕ್ಕವುಗಳನ್ನು ಮೇಲೂ ಇಟ್ಟು ಒಂದು ಫೂಟು ಎತ್ತರ ಮಾಡಿದರೆ ಸಾಕು. ಸಾಲಿನಿಂದ ಸಾಲಿಗೆ ಮೂವತ್ತು ನಾಲ್ವತ್ತು ಫೂಟು. ಇಳಿಜಾರು ಕಡಿದಾದಷ್ಟು ಸಾಲುಗಳು ಹತ್ತಿರವಾಗಬೇಕು. ಸಾಲುಗಳ ಮೇಲುಬದಿಗೆ ಜಾಲಿ ಇಲ್ಲವೆ ಬಾರಿ ಮುಳ್ಳಿನ ಟೊಂಗೆಗಳನ್ನು ಹರಡಿ ಕಲ್ಲು ಹೇರಬೇಕು. ಜೋಧಪುರದ ಒಣ ಪೊದೆಯ ಕೆಲಸವನ್ನೇ ಈ ಮುಳ್ಳು ಮಾಡುತ್ತದೆ. ಧೂಳು, ಹಿಕ್ಕೆ, ಹಾರಿ ಬಂದ ಬೀಜ ಎಲ್ಲವೂ ಅದರಲ್ಲಿ ಸಿಕ್ಕಿಬೀಳುತ್ತವೆ, ಆಡಿನ ಬಾಯಿಯೂ ದೂರವಿರುತ್ತದೆ. ಮುಳ್ಳನ್ನು ಒಲೆಗೆ ಒಯ್ಯುವವರೂ ಇರುತ್ತಾರೆ, ಅದನ್ನು ಲೆಕ್ಕದಲ್ಲಿ ಹಿಡಿದೇ ಹೆಚ್ಚು ಹಾಕಿರಿ.

ಬೀಜ ಪೇಟೆಯಲ್ಲಿ ಸಿಕ್ಕುವದು ಕಷ್ಟ. ಪವನ್ಯಾ ಇನ್ನೂ ಉಳಿದಿರುವದು ಹೊಲದ ಬದುಗಳಲ್ಲಿ, ಸ್ಮಶಾನಗಳಲ್ಲಿ, ರೈಲು ದಾರಿಯ ಪಕ್ಕದಲ್ಲಿ, ಅಂದರೆ ದನ ಸುಲಭವಾಗಿ ಹೋಗದ ಕಡೆ. ಆಶ್ವೀಜ ಕಾರ್ತಿಕದಲ್ಲಿ ತೆನೆ ಒಣಗುವಾಗ ಕೈಯಿಂದ ಸವರಿ ಕೂಡಿಸಬಹುದು. ಹೊಸ ಬೀಜ ಸರಿಯಾಗಿ ಮೊಳೆಯದು, ಒಂದು ಬೇಸಿಗೆ ಕಳೆದ ಬೀಜವೇ ಲೇಸು. ಹಗುರಾದ ಈ ಬೀಜವನ್ನು ಹಾಗೆಯೇ ಚೆಲ್ಲಿದರೆ ಗಾಳಿಗೆ ಹೋಗುತ್ತದೆ, ಉಳಿದುದನ್ನು ಇರುವೆ ಒಯ್ಯುತ್ತದೆ. ಎರೆಮಣ್ಣು, ಸೆಗಣಿ, ನೀರು ಕಲಸಿ ಅದರಲ್ಲಿ ಬೀಜ ಸೇರಿಸಿ ಕಡಲೆ ಗಾತ್ರದ ಉಂಡಿ ಮಾಡಿ ನೆರಳಲ್ಲಿ ಒಣಗಿಸಿ, ಮಿರಗಕ್ಕೆ ನಾಲ್ಕು ದಿನ ಮುಂಚೆ ಸಾಲುಗಳ ಮೇಲುಬದಿಗೆ ಚೆಲ್ಲಬೇಕು. ರಂಟೆ ಹೊಡೆಯಬಾರದು. ಮಾರವೇಲಕ್ಕೆ ಬೀಜಕ್ಕಿಂತ ಬೇರಿನ ಕಂತೆಯೇ ಮೇಲು. ಮೊದಲ ಎರಡು ಹದ ಮಳೆಯಾದೊಡನೆ, ಕಲ್ಲಿನ ಸಾಲಿಗೆ ಹೂಳು ಬಂದು ನಿಂತಲ್ಲಿ ನೆಡಬೇಕು. ರಾಹುರಿಯ ಕೃಷಿ ವಿದ್ಯಾಪೀಠದವರು ಮಾರವೇಲದ ಸುಧಾರಿತ ಜಾತಿಗಳನ್ನೂ ಹೊರಡಿಸಿದ್ದಾರೆ. ಧಾರವಾಡದಲ್ಲಿ ಝಾನ್ಸಿಯ ಹುಲ್ಲುಗಾವಲು ಸಂಶೋಧನ ಸಂಸ್ಥೆಯ ಶಾಖೆಯಿದೆ, ಅಲ್ಲಿ ವಿಚಾರಿಸಿದರೆ ಕನ್ನಡದಲ್ಲಿಯೇ ಉತ್ತರ ಸಿಕ್ಕುವದು ನಮ್ಮಂಥವರಿಗೆ ಅನುಕೂಲ. ಹುಲ್ಲಿನ ನಡುವೆ ಸ್ಟೈಲೋ ಎಂಬ ದ್ವಿದಳದ ಮೇವನ್ನು ಬಿತ್ತಿದರೆ ನೆಲಕ್ಕೂ ದನಕ್ಕೂ ಸತ್ವ. ಅದರ ಬೀಜದ ಸಿಪ್ಪೆ ಗಟ್ಟಿ. ಕುದಿ ಬಾರದ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಹಾಕಿ ತೆಗೆದು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಬಿತ್ತುವದು.

ಗಿಡ ನೆಡುವವರಿಗೆ ಒಂದು ಮಾತು. ಬೋಳು ಮಡ್ಡಿ ಕಂಡೊಡನೆ ತಗ್ಗು ತೋಡಿ ಸಾವಿರ ಸಸಿ ಹಚ್ಚುವದು ಈಗ ಎಲ್ಲ ಕಡೆಗೂ ನಡೆದಿದೆ. ಹುಲ್ಲಿಗೆ ಬಿಸಿಲು ಬೇಕು. ದಟ್ಟವಾಗಿ ಗಿಡ ಹಚ್ಚಿದರೆ ಹುಲ್ಲು ಹೋಗುತ್ತದೆ. ಕಚ್ಛದ ಬನ್ನಿ ಹುಲ್ಲುಗಾವಲಿನಲ್ಲಿ ಉಪ್ಪುನೆಲ ಮುಂದೊತ್ತುವದನ್ನು ತಡೆಯಲೆಂದು 1961ರಲ್ಲಿ ಬಳ್ಳಾರಿ ಜಾಲಿಯನ್ನು ಹಾಕಿದರು. ತಡೆಯಲು ಬಂದ ಜಾಲಿಯೇ ಹುಲ್ಲುಗಾವಲಿನ ಬಹುಭಾಗವನ್ನು ನುಂಗಿತು. ಎಕರೆಗೆ ನಾಲ್ಕಾರು ಬೇವು ಬಾರಿ ಇದ್ದರೆ ದನಕ್ಕೆ ನೆರಳಾಯಿತು, ಅದಕ್ಕಿಂತ ಹೆಚ್ಚು ಬೇಡ.

ಇಷ್ಟೆಲ್ಲ ನೆಲದ ಕೆಲಸ. ನಿಜವಾದ ತೊಡಕು ಊರಿನೊಳಗಿನದು. ಎರಡು ಮೂರು ಮಳೆಗಾಲ ಮಡ್ಡಿಯನ್ನು ಮುಚ್ಚದೆ ಗತಿಯಿಲ್ಲ. ಮುಚ್ಚುವದೆಂದರೆ ಯಾರಿಗೆ? ಹತ್ತು ಎಕರೆ ಹೊಲವುಳ್ಳವನ ಎತ್ತು ಕಣಕಿ ತಿಂದು ಕೊಟ್ಟಿಗೆಯಲ್ಲಿರುತ್ತದೆ. ಗಾಯರಾಣದ ಮೇಲೆ ಬದುಕುವದು ಹೊಲವಿಲ್ಲದವರ ಆಡುಗಳು. ಗ್ರಾಮಸಭೆಯಲ್ಲಿ ಠರಾವು ಓದಿದ ದಿನ ನಾಲ್ಕು ಆಡಿನ ಒಬ್ಬ ಮುದುಕಿ ಎದ್ದು, “ಮಾಸ್ತರ, ನಿಮ್ಮ ಹುಲ್ಲು ಬೆಳೀತನಕಾ ನನ್ನ ಆಡು ಏನ್ ತಿನಬೇಕ್ರಿ?” ಎಂದು ಕೇಳಿದಳು. ನಮ್ಮ ಬಳಿ ಉತ್ತರವಿರಲಿಲ್ಲ. ಠರಾವು ತಿರುಗಿ ಬರೆಯಬೇಕಾಯಿತು. ಗಾಯರಾಣದ ಮೂರನೆಯ ಒಂದು ಪಾಲು ಮಾತ್ರ ಮುಚ್ಚುವದು, ಮುಚ್ಚಿದ್ದರಲ್ಲಿ ಕುಡಗೋಲಿನಿಂದ ಕೊಯ್ದು ತಲೆಹೊರೆ ಒಯ್ಯಲು ಹೊಲವಿಲ್ಲದವರಿಗೆ ಮೊದಲ ಹಕ್ಕು, ಕಲ್ಲು ಹೊರುವ ಕೂಲಿಯೂ ಅವರಿಗೇ. ಅದೇ ಮುದುಕಿ ಎರಡನೆಯ ವರ್ಷ ಮುಚ್ಚಿದ ಮಡ್ಡಿಯಲ್ಲಿ ಬೇರೆಯವರ ಎಮ್ಮೆಯನ್ನು ಹಿಡಿದು ಕೊಂಡವಾಡಕ್ಕೆ ಅಟ್ಟಿದಳು. ಅಹಿಲ್ಯಾನಗರ ಜಿಲ್ಲೆಯ ಹಿವರೇ ಬಾಜಾರದಲ್ಲಿ ಮೇಯಿಸುವದು ನಿಂತು ಕೊಯ್ದು ಒಯ್ಯುವ ರೂಢಿ ಬಿದ್ದ ಮೇಲೆ ಮೇವು ಹೆಚ್ಚಿದ ಸಂಗತಿ ಎಲ್ಲರೂ ಬಲ್ಲದ್ದು. ಅದು ಕೂಡ ಊರು ಒಪ್ಪಿದ್ದರಿಂದ ಆದದ್ದು.

ಗಾಯರಾಣವನ್ನು ಉತ್ತು ಬದುಕುತ್ತಿರುವ ಬಡ ಕುಟುಂಬಗಳನ್ನು ಹುಲ್ಲಿನ ನೆವದಿಂದ ಎಬ್ಬಿಸುವ ಮಾತು ಕೆಲವೆಡೆ ಕೇಳಿಬರುತ್ತದೆ. ಇದು ನಮಗೆ ಸಮ್ಮತವಿಲ್ಲ. ಮರಾಠವಾಡದಲ್ಲಿ ಭೂಮಿಯಿಲ್ಲದ ದಲಿತರು ಈ ನೆಲಕ್ಕಾಗಿ ಹೋರಾಡಿದ ಇತಿಹಾಸವಿದೆ. ದಾದಾಸಾಹೇಬ ಗಾಯಕವಾಡರ ಭೂಸತ್ಯಾಗ್ರಹಗಳು 1959 ಹಾಗೂ 1964ರಲ್ಲಿ ನಡೆದವು. ಊರ ಸಾಮಾಯಿಕ ನೆಲದ ಅತಿಕ್ರಮಣ ತೆಗೆಯಿರೆಂದು 2011ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವೂ ಭೂಹೀನರಿಗೆ, ಪರಿಶಿಷ್ಟರಿಗೆ ಸರಕಾರ ಪಟ್ಟಾ ಕೊಟ್ಟ ನೆಲವನ್ನು ಬೇರೆಯಾಗಿಯೇ ಎಣಿಸಿದೆ. ಹುಲ್ಲು ಬೆಳೆಸಲು ಉಳಿದ ಮಡ್ಡಿಯೇ ಸಾಕಷ್ಟಿದೆ.

ಅವಸರವೇಕೆಂದರೆ, ನಮ್ಮ ಹೊಲಗಳಲ್ಲಿ ಜೋಳ ಹಿಂದಾಗಿ ಸೋಯಾಬೀನ ಬಂದಿದೆ. ರೊಕ್ಕ ಬಂದಿತು, ಕಣಕಿ ಹೋಯಿತು. ಸೋಯಾಬೀನದ ಹೊಟ್ಟಿನಿಂದ ಎತ್ತು ಸಾಕಲಾಗದು. 2016ರ ಏಪ್ರಿಲದಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ಬಂದಿತು. ಮೇವಿಗೆ ಮಾತ್ರ ದನಗಳೇ ಛಾವಣಿಗೆ ನಡೆದು ಹೋಗಬೇಕಾಯಿತು. ಅಂಥ ವರ್ಷಗಳಲ್ಲಿ ಹಾಳಿ ಹಂಡರಗುಳಿಯ ಸಂತೆಗೆ ಹೋದ ದೇವಣಿ ಎತ್ತುಗಳು ತಿರುಗಿ ಬರುವದಿಲ್ಲ. ದೇವಣಿ ನಮ್ಮದೇ ಸೀಮೆಯ ತಳಿ. ಪೂರ್ಣ ಬಿಳಿಯ ಬಾಲಂಕ್ಯಾ, ಕರಿ ಮೋರೆಯ ವಾನೇರಾ, ಕಪ್ಪು ಬಿಳಿ ಮಚ್ಚೆಯ ವಾಘ್ಯಾ ಎಂದು ಹಿರಿಯರು ಬಣ್ಣದಿಂದಲೇ ಎಣಿಸುತ್ತಿದ್ದರು. ಉದಗೀರ ನಿಲಂಗಾಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿಯೇ ಇದ್ದವು, ಆದುದರಿಂದ ಗಡಿಯ ಆಚೆ ಭಾಲ್ಕಿ ಔರಾದಗಳಲ್ಲಿಯೂ ಇದೇ ತಳಿ ಇದೆ, ಇದೇ ಮಡ್ಡಿ, ಇದೇ ಮೇವಿನ ಬರ.

ಕೊಯ್ಯುವ ವಿಷಯ ಹೇಳಿ ಮುಗಿಸುತ್ತೇವೆ. ಮೊದಲ ವರ್ಷ ಕುಡಗೋಲು ಹಚ್ಚಬೇಡಿರಿ, ಬೀಜ ಉದುರಲಿ. ಎರಡನೆಯ ವರ್ಷ ಹೂವಾಡುವಾಗ, ಕುಸಳ ಮುಳ್ಳು ಬಿಡುವ ಮುಂಚೆ, ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಕೊಯ್ಯುವದು. ಮೂರು ಮಳೆಗಾಲದ ನಂತರ ನಾಲ್ಕು ಪಾಲು ಮಾಡಿ, ಪ್ರತಿ ವರ್ಷ ಒಂದು ಪಾಲಿಗೆ ವಿಶ್ರಾಂತಿ ಕೊಟ್ಟು ಉಳಿದವುಗಳಲ್ಲಿ ಸರದಿಯಿಂದ ದನ ಬಿಡಬಹುದು. ಸಾಲುಗಳಲ್ಲಿ ಜಾರಿದ ಕಲ್ಲನ್ನು ವರ್ಷಕ್ಕೊಮ್ಮೆ, ಮಿರಗಕ್ಕೆ ಮುಂಚೆ, ಎತ್ತಿ ಇಡಿರಿ.