ಮಕ್ಕಳ ಕೈಯಲ್ಲಿ ಆಟದ ಬಂದೂಕು: ಜೈನ ಮನೆಗಳು ಏನು ಮಾಡಬೇಕು?

ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಯಾವುದೇ ಜಾತ್ರೆಗೆ ಹೋದರೂ ಆಟಿಕೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಂದೂಕು, ಕತ್ತಿ, ಗದೆ, ಬಿಲ್ಲು-ಬಾಣ ಎದುರಿಗೇ ತೂಗುತ್ತಿರುತ್ತವೆ. ಐದು ವರ್ಷದ ಮಗು ಅದರ ಮುಂದೆ ನಿಂತು ಹಟ ಹಿಡಿಯುತ್ತದೆ. “ಬಸದಿಗೆ ಹೋಗೋ ಮಗು ಬಂದೂಕು ಹಿಡೀಬಾರದು” ಎನ್ನುತ್ತಾರೆ ಅಜ್ಜಿ. “ಪ್ಲಾಸ್ಟಿಕ್ ತಾನೆ, ಆಡಿಕೊಳ್ಳಲಿ ಬಿಡಮ್ಮ” ಎನ್ನುತ್ತಾನೆ ಮಗುವಿನ ತಂದೆ. ಅನೇಕ ಜೈನ ಮನೆಗಳಲ್ಲಿ ನಡೆಯುವ ಮಾತು ಇದು. ಅಹಿಂಸೆಯನ್ನು ಮೊದಲ ವ್ರತವೆಂದು ಹೇಳುವ ಧರ್ಮದಲ್ಲಿ ಇಬ್ಬರ ಮಾತಿಗೂ ಆಧಾರವಿದೆ. ಆದ್ದರಿಂದ ಶಾಸ್ತ್ರ ಏನು ಹೇಳುತ್ತದೆ, ಅದು ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಹಿಟ್ಟಿನ ಕೋಳಿಯ ಕಥೆ

“ನಿಜವಾದದ್ದಲ್ಲವಲ್ಲ” ಎಂಬ ವಾದವನ್ನು ಕನ್ನಡ ಜೈನ ಸಾಹಿತ್ಯ ಎಂಟು ಶತಮಾನಗಳ ಹಿಂದೆಯೇ ಎತ್ತಿಕೊಂಡಿದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನ ಕವಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ರಚಿಸಿದ. ಅದೇ ಅರಸನ ಕಾಲದಲ್ಲಿ, 1220ರಲ್ಲಿ, ಮಂತ್ರಿ ರೇಚರಸ ಅರಸೀಕೆರೆಯ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ.

ಜನ್ನನ ಕಾವ್ಯದಲ್ಲಿ ತಾಯಿ ಚಂದ್ರಮತಿ ಪ್ರಾಣಿಬಲಿ ಕೊಡುವಂತೆ ಮಗ ಯಶೋಧರನನ್ನು ಒತ್ತಾಯಿಸುತ್ತಾಳೆ. ಅವನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುವುದೆಂದು ರಾಜಿಯಾಗುತ್ತದೆ. ಕಡಿದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪ ನಿಜವಾದದ್ದು. ಅದರ ಫಲವಾಗಿ ತಾಯಿ-ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮಾಂತರ ನರಳುತ್ತಾರೆ. ಹಿಂಸೆಯ ತೂಕ ಕೈಯಲ್ಲಿರುವ ವಸ್ತುವಿನಲ್ಲಿಲ್ಲ, ಮನಸ್ಸಿನ ಸಂಕಲ್ಪದಲ್ಲಿದೆ ಎಂಬುದು ಈ ಕಥೆಯ ತಿರುಳು.

ಇದು ಅಜ್ಜಿಯ ಮಾತಿಗೆ ಬಲ ಕೊಡುವಂತೆ ಕಾಣುತ್ತದೆ. ಆದರೆ ಯಶೋಧರ ತಿಳಿವಳಿಕೆಯುಳ್ಳ ರಾಜ. ಬಲಿಯೆಂದೇ ಬಗೆದು, ಅದರಿಂದ ಫಲ ಬಯಸಿ ಕತ್ತಿ ಎತ್ತಿದವನು. ತೆಂಗಿನ ಮಟ್ಟೆಯನ್ನು ಬಂದೂಕಿನಂತೆ ಹಿಡಿದು “ಢಂ” ಎನ್ನುವ ಐದು ವರ್ಷದ ಮಗುವಿಗೆ ಆ ಸಂಕಲ್ಪವಿಲ್ಲ. ಅದರ ಆಟದಲ್ಲಿ ಸತ್ತವನು ಮರುಕ್ಷಣವೇ ಎದ್ದು ಓಡುತ್ತಾನೆ. ಆದ್ದರಿಂದ “ಮುಂದಿನ ಜನ್ಮದಲ್ಲಿ ನಾಯಿಯಾಗಿ ಹುಟ್ತೀಯ” ಎಂದು ಮಗುವನ್ನು ಹೆದರಿಸುವುದು ಜನ್ನನ ಕಥೆಯ ಸರಿಯಾದ ಬಳಕೆಯಲ್ಲ.

ಹೊಣೆ ಕೊಡುವವರದು

ಶಾಸ್ತ್ರದ ನೇರ ಮಾತು ಇರುವುದು ದೊಡ್ಡವರಿಗೆ. ಶ್ರಾವಕರ ಗುಣವ್ರತಗಳಲ್ಲಿ ಅನರ್ಥದಂಡ ವಿರತಿ ಒಂದು. ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಮಾಡುವ ಕೆಲಸಗಳಿಂದ ದೂರವಿರುವುದು ಅದರ ಅರ್ಥ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಬಗೆಗಳಿವೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ.

ಇವುಗಳಲ್ಲಿ ಮೂರು ಈ ವಿಷಯಕ್ಕೆ ಸಂಬಂಧಿಸಿವೆ. ಕೊಡಲಿ, ಕತ್ತಿ, ಆಯುಧ, ಬೆಂಕಿ, ಸಂಕೋಲೆಗಳಂಥ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ಇನ್ನೊಬ್ಬರಿಗೆ ಕೇಡಾಗಲಿ ಎಂದು ದ್ವೇಷದಿಂದ ಮನಸ್ಸಿನಲ್ಲಿ ಚಿಂತಿಸುವುದು ಅಪಧ್ಯಾನ. ಮನಸ್ಸನ್ನು ಕೆಡಿಸುವ ಕಥೆಗಳನ್ನು ಕೇಳುವುದು ದುಃಶ್ರುತಿ.

ಪ್ಲಾಸ್ಟಿಕ್ ಬಂದೂಕು ಹಿಂಸಾದಾನದ ಪಟ್ಟಿಗೆ ನೇರವಾಗಿ ಸೇರುವುದಿಲ್ಲ. ಆದರೂ ಆ ನಿಯಮ ಯಾರ ಕಡೆ ಬೊಟ್ಟು ಮಾಡುತ್ತದೆ ಎಂಬುದು ಗಮನಾರ್ಹ. ಅದು ಹಿಡಿದವನ ಕೈಗಿಂತ ಮೊದಲು ಕೊಟ್ಟವನ ಕೈಯನ್ನು ನೋಡುತ್ತದೆ. ಮಗು ತಾನೇ ಹುಡುಕಿಕೊಂಡ ಕೋಲು ಬೇರೆ, ಅಪ್ಪ ದುಡ್ಡು ಕೊಟ್ಟು ತಂದ ಬಂದೂಕು ಬೇರೆ. ಉಡುಗೊರೆ ಕೊಡುವಾಗ “ಇದು ಒಳ್ಳೆಯದು, ನಮಗೆ ಒಪ್ಪಿಗೆ” ಎಂಬ ಮಾತೂ ಅದರೊಂದಿಗೆ ಹೋಗುತ್ತದೆ. ಹಾಗೆಯೇ, ಆಟದ ಬಂದೂಕು ಬೇಡವೆಂದು ಕಸಿದುಕೊಂಡು, ಊಟ ಮಾಡಿಸಲು ಮೊಬೈಲ್‌ನಲ್ಲಿ ಗುಂಡು ಹಾರಿಸುವ ಆಟ ಹಾಕಿಕೊಟ್ಟರೆ ದುಃಶ್ರುತಿಯ ಎಚ್ಚರಿಕೆಯನ್ನು ಮರೆತಂತೆ.

ಸಳನ ಮುಂದೆ ನಿಂತ ಮಗು

ಈ ಭಾಗದ ಮಕ್ಕಳಿಗೆ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲಲ್ಲೇ ಸಳ ಮೃಗವನ್ನು ಇರಿಯುತ್ತಿರುವ ಶಿಲ್ಪವಿದೆ. ಸೊಸೆವೂರಿನಲ್ಲಿ ಹುಲಿ ಎರಗಿ ಬಂದಾಗ “ಹೊಯ್ ಸಳ” ಎಂದವರು ಸುದತ್ತರೆಂಬ ಜೈನ ಮುನಿಗಳು ಎಂಬುದು ಐತಿಹ್ಯ. ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವ ಕಟ್ಟಿಸಿದ್ದು ತಂದೆ ಗಂಗರಾಜನ ನೆನಪಿಗೆ. ಆ ಗಂಗರಾಜ ವಿಷ್ಣುವರ್ಧನನ ದಂಡನಾಯಕ. “ಅವರ ಹತ್ತಿರ ಕತ್ತಿ ಇತ್ತಲ್ಲ, ನನಗೇಕೆ ಬೇಡ?” ಎಂದು ಮಗು ಕೇಳಿದರೆ ಗದರಿಸಿ ಸುಮ್ಮನಿರಿಸುವುದು ಉತ್ತರವಲ್ಲ.

ಉತ್ತರವೂ ಪರಂಪರೆಯಲ್ಲೇ ಇದೆ. ಜೈನ ಆಚಾರ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ. ಕೊಲ್ಲಬೇಕೆಂದೇ ಮಾಡುವುದು ಸಂಕಲ್ಪೀ. ಅಡುಗೆ, ಗುಡಿಸುವುದು ಮುಂತಾದ ಮನೆಗೆಲಸದಲ್ಲಿ ಆಗುವುದು ಆರಂಭೀ. ಕೃಷಿ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ತನ್ನವರನ್ನು ಕಾಪಾಡುವಾಗ ಆಗುವುದು ವಿರೋಧೀ. ಗೃಹಸ್ಥರು ಪೂರ್ತಿಯಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆ. ಉಳಿದವುಗಳನ್ನು ಆದಷ್ಟು ಕಡಿಮೆ ಮಾಡಬೇಕು. “ಸಳ ಕೈ ಎತ್ತಿದ್ದು ಕಾಪಾಡುವುದಕ್ಕೆ, ಖುಷಿಗಲ್ಲ” ಎಂದರೆ ಮಗುವಿಗೂ ಅರ್ಥವಾಗುತ್ತದೆ. ಆಮೇಲೆ ಭರತ-ಬಾಹುಬಲಿಯರ ಕಥೆ ಹೇಳಬಹುದು. ಸೈನ್ಯಗಳು ಎದುರುಬದುರು ನಿಂತರೂ ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತಾವೇ ಸೆಣಸಿದರು. ಬಾಹುಬಲಿ ಗೆದ್ದು, ಗೆದ್ದದ್ದನ್ನೂ ಬಿಟ್ಟು ನಡೆದ. ಶ್ರವಣಬೆಳಗೊಳದಲ್ಲಿ ಮಗು ತಲೆಯೆತ್ತಿ ನೋಡುವುದು ಹಾಗೆ ಬಿಟ್ಟು ನಿಂತವನನ್ನೇ.

ಮನಶ್ಶಾಸ್ತ್ರ ಹೇಳುವುದು

1961ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರಾ ಮತ್ತು ಸಂಗಡಿಗರು 72 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಹೊಡೆದು ಬೈಯುವುದನ್ನು ಕಂಡ ಮಕ್ಕಳು ಅದೇ ಹೊಡೆತ, ಅದೇ ಬೈಗುಳಗಳನ್ನು ಅನುಕರಿಸಿದರು. ಮಗು ಆಟಿಕೆಗಿಂತ ಮುಂಚೆ ದೊಡ್ಡವರನ್ನು ನೋಡಿ ಕಲಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಇತ್ತ ಬ್ರಿಟನ್ನಿನ ಪೆನ್ನಿ ಹಾಲೆಂಡ್ ತಮ್ಮ 2003ರ ಪುಸ್ತಕದಲ್ಲಿ, ಶಿಶುವಿಹಾರಗಳಲ್ಲಿ ಆಯುಧದ ಆಟವನ್ನು ಸಂಪೂರ್ಣ ನಿಷೇಧಿಸುವ ನೀತಿಯನ್ನೇ ಪ್ರಶ್ನಿಸಿದರು. ಮಕ್ಕಳನ್ನು ಸದಾ ಗದರಿಸುವುದಕ್ಕಿಂತ, ಜೊತೆಗಿದ್ದು ಆಟವನ್ನು ಬೇರೆ ದಾರಿಗೆ ತಿರುಗಿಸುವುದು ಮೇಲು ಎಂಬುದು ಅವರ ನಿಲುವು.

ಮನೆಯಲ್ಲಿ ಪಾಲಿಸಬಹುದಾದ ನಿಯಮಗಳು

1. ಬಂದೂಕು, ಕತ್ತಿಗಳನ್ನು ದೊಡ್ಡವರು ಕೊಂಡು ತರುವುದು, ಉಡುಗೊರೆ ಕೊಡುವುದು ಬೇಡ. ಚೆಂಡು, ಬುಗುರಿ, ಗಾಳಿಪಟ, ಚೌಕಾಬಾರ ಇವೆ. ನೆಂಟರಿಗೂ ಮೊದಲೇ ತಿಳಿಸಿದರೆ ಮುಜುಗರವಿಲ್ಲ.

2. ಕೋಲು, ಬೆರಳುಗಳನ್ನೇ ಬಂದೂಕು ಮಾಡಿಕೊಂಡರೆ ಗಾಬರಿ ಬೇಡ. ಕಳ್ಳ-ಪೊಲೀಸ್ ಆಟ ಎಲ್ಲ ಮಕ್ಕಳೂ ಆಡುವಂಥದ್ದು. ಎದುರಿನ ಮಗು ಅತ್ತರೆ ಅಥವಾ ಬೇಡವೆಂದರೆ ಆಟ ಅಲ್ಲಿಗೇ ನಿಲ್ಲಬೇಕು.

3. ಜೀವಿಯ ಕಡೆ ಗುರಿ ಇಡುವಂತಿಲ್ಲ. ಓತಿಕ್ಯಾತ, ನಾಯಿಮರಿ, ಹಕ್ಕಿ, ಇರುವೆ ಸಾಲು ಯಾವುದೇ ಆಗಲಿ, ಇದರಲ್ಲಿ ರಾಜಿ ಬೇಡ. ರಬ್ಬರಿನ ಕವಣೆ ಆಟಿಕೆಯೇ ಅಲ್ಲ. ಅದರ ಕಲ್ಲು ನಿಜವಾಗಿ ಕೊಲ್ಲುತ್ತದೆ.

4. ದೀಪಾವಳಿ ಮಹಾವೀರ ಸ್ವಾಮಿಯ ನಿರ್ವಾಣದ ದಿನ. ಅಂದು ಪಟಾಕಿ ಸಿಡಿಸುವ ಪಿಸ್ತೂಲಿನ ಬದಲು ದೀಪ ಹಚ್ಚುವ ಕೆಲಸವನ್ನು ಮಕ್ಕಳಿಗೆ ವಹಿಸಬಹುದು.

5. ಯಾವ ಆಟಿಕೆಯಾದರೂ ಐಎಸ್‌ಐ ಗುರುತು ನೋಡಬೇಕು. 2021ರ ಜನವರಿ 1ರಿಂದ ಭಾರತದಲ್ಲಿ ಇದು ಕಡ್ಡಾಯ. ಗುಂಡು ಸಿಡಿಯುವ ಆಟಿಕೆಗಳು ಕಣ್ಣಿಗೆ ಅಪಾಯಕಾರಿ.

6. ಮಗು ಈಗಾಗಲೇ ಬಂದೂಕು ಇಟ್ಟುಕೊಂಡಿದ್ದರೆ ಕಸಿದು ಎಸೆಯಬಾರದು. ಸಿಟ್ಟಿನಿಂದ ಕಸಿಯುವ ಕೈ ಅಹಿಂಸೆಯನ್ನು ಕಲಿಸಲಾರದು. ಬೇರೆ ಆಟಿಕೆಗೆ ಬದಲಾಯಿಸಿ, ಕಾರಣ ಹೇಳಬೇಕು.

ಜಾತ್ರೆಯ ಅಂಗಡಿಯ ಮುಂದೆ ಹಟ ಹಿಡಿದ ಮಗು ಕೊಂಚ ಹೊತ್ತು ಅತ್ತು ಸುಮ್ಮನಾಗುತ್ತದೆ, ಗಾಳಿಪಟ ಸಿಕ್ಕರೆ ಇನ್ನೂ ಬೇಗ. ಆದರೆ ಮನೆಗೆಲಸದವರೊಡನೆ ಅಪ್ಪ ಹೇಗೆ ಮಾತನಾಡುತ್ತಾನೆ, ಒಳಗೆ ಬಂದ ಜಿರಳೆಯನ್ನು ಅಮ್ಮ ಏನು ಮಾಡುತ್ತಾಳೆ ಎಂಬುದನ್ನು ಅದು ದಿನವೂ ನೋಡುತ್ತಿರುತ್ತದೆ. ಆಟಿಕೆಯ ವಿಷಯದಲ್ಲಿ ಹೇಳಿದ “ಬೇಡ” ಎಂಬ ಮಾತು ನಿಲ್ಲುವುದು, ಮನೆಯ ಉಳಿದ ನಡವಳಿಕೆಯೂ ಅದನ್ನೇ ಹೇಳಿದಾಗ.