ನೋವಿಗೆ ಮದ್ದು ಊರಲ್ಲೇ ಸಿಗಬೇಕು

ಕ್ಯಾನ್ಸರ್ ಕೈಮೀರಿದ ಮೇಲೆ ನೋವು ತಪ್ಪಿದ್ದಲ್ಲ, ಅನುಭವಿಸಲೇಬೇಕು ಎಂದು ನಂಬಿದವರು ನಮ್ಮಲ್ಲಿ ಬಹಳ. ಕಾಯಿಲೆ ವಾಸಿಯಾಗದಿರಬಹುದು; ನೋವಿನ ಮಟ್ಟಿಗೆ ಈ ನಂಬಿಕೆ ತಪ್ಪು. ನೋವು ಎಷ್ಟಿದೆಯೋ ಅದಕ್ಕೆ ತಕ್ಕ ಔಷಧಿಯನ್ನು ಹೊತ್ತುಹೊತ್ತಿಗೆ, ಆದಷ್ಟೂ ಬಾಯಿಯ ಮೂಲಕವೇ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತು. ಹಾಗೆ ಕೊಟ್ಟಾಗ ಬಹುಪಾಲು ರೋಗಿಗಳ ನೋವು ಹತೋಟಿಗೆ ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ಸೀಮೆಗೆ ಇದು ಹತ್ತಿರದ ವಿಷಯ. ಎಲೆ-ಅಡಿಕೆಯ ಕವಳ ಇಲ್ಲಿ ನಿತ್ಯದ ರೂಢಿ. ಹೊಗೆಸೊಪ್ಪಿಲ್ಲದ ಕವಳವೂ ಬಾಯಿ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಗಡ್ಡೆ ದವಡೆಯ ನರವನ್ನು ಒತ್ತತೊಡಗಿದರೆ ಒಂದು ಚಮಚ ಗಂಜಿ ನುಂಗುವುದೂ ಯಾತನೆ. ಆಗ ಪ್ಯಾರಾಸಿಟಮಾಲ್ ಸಾಲದು, ಮಾರ್ಫಿನ್ ಬೇಕು.

ಅಫೀಮಿನಿಂದ ತೆಗೆಯುವ ಮಾರ್ಫಿನ್ ಬೆನ್ನುಹುರಿ, ಮಿದುಳುಗಳಲ್ಲಿ ನೋವಿನ ಸಂದೇಶವನ್ನು ತಡೆಯುತ್ತದೆ. ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು 4 ಗಂಟೆ. ಹಾಗಾಗಿ ನೋವು ಮರುಕಳಿಸುವ ಮೊದಲೇ ಕೊಡಬೇಕು: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸಬಾರದೆಂದು ರಾತ್ರಿಯದನ್ನು ಸಾಮಾನ್ಯವಾಗಿ ಇಮ್ಮಡಿ ಮಾಡುತ್ತಾರೆ. ವೈದ್ಯರು ಕಡಿಮೆಯಿಂದ ಶುರುಮಾಡಿ, ನೋವು ನೋಡಿಕೊಂಡು ಏರಿಸುತ್ತಾರೆ. ವಾಕರಿಕೆ, ಮಂಪರು ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ತಗ್ಗುತ್ತವೆ. ಮಲಬದ್ಧತೆ ತಗ್ಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಬೇಕು.

ಚಟ ಹತ್ತಿದರೆ ಎಂಬ ಅಂಜಿಕೆ ಸಹಜ. ಆದರೆ ದೇಹ ಔಷಧಿಗೆ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ವೈದ್ಯರ ನಿಗಾದಲ್ಲಿ ನೋವಿಗೆಂದು ಮಾರ್ಫಿನ್ ನುಂಗುವ ಕ್ಯಾನ್ಸರ್ ರೋಗಿಗಳಲ್ಲಿ ಚಟ ಅಪರೂಪ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಸಾವನ್ನು ಬೇಗ ತರುವುದೂ ಇಲ್ಲ. ಆನಂದಪುರದ ಬಳಿಯ ನರಸೀಪುರಕ್ಕೆ ಕ್ಯಾನ್ಸರಿನ ನಾಟಿ ಔಷಧಿಗೆಂದು ದೂರದೂರದಿಂದ ಬಂದವರೆಷ್ಟೋ. ಯಾವ ಚಿಕಿತ್ಸೆಯನ್ನು ನಂಬಿದವರಾದರೂ ಅದು ನಾಟುವವರೆಗೆ ನೋವು ತಿನ್ನಬೇಕಾಗಿಲ್ಲ. ಮಾರ್ಫಿನ್ ದುರ್ಬಳಕೆಯ ಆತಂಕ ಮಾತ್ರ ತಳ್ಳಿಹಾಕುವಂಥದ್ದಲ್ಲ. ಆದರೆ 1985ರ ಮಾದಕವಸ್ತು ಕಾಯ್ದೆಯಡಿ ಬೇಕಾಗಿದ್ದ ಹಲವು ಲೈಸೆನ್ಸುಗಳ ತೊಡಕಿನಿಂದ ಆಸ್ಪತ್ರೆಗಳು ಮಾರ್ಫಿನ್ ಇಡಲೇ ಹಿಂಜರಿದವು. ದುರ್ಬಳಕೆ ತಡೆಯಲು ಹೊರಟು ನರಳುವವರಿಗೂ ಬಾಗಿಲು ಮುಚ್ಚಿದಂತಾಯಿತು. ಸಂಸತ್ತು 2014ರಲ್ಲಿ ಇದನ್ನು ತಿದ್ದಿತು. ತರಬೇತಾದ ವೈದ್ಯರಿರುವ ಆಸ್ಪತ್ರೆ ಈಗ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಪಡೆದು, ಲೆಕ್ಕದ ಪುಸ್ತಕವಿಟ್ಟು ಮಾರ್ಫಿನ್ ಕೊಡಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ವರ್ಷವಿಡೀ ಸಿಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ಹಾಸಿಗೆ ಹಿಡಿದವರನ್ನು ಮಳೆಗಾಲದಲ್ಲಿ ತೋಟದ ಒಂಟಿಮನೆಯಿಂದ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೋ ಮಾತ್ರೆಗಾಗಿ ಒಯ್ಯುವುದು ಆಗುವ ಮಾತಲ್ಲ.