ಮನೆಯ ಸಂಗೀತಕ್ಕೆ ಹಳೆಯ ನಾದಯಂತ್ರ

ವೀಣೆಯನ್ನೋ ಪಿಟೀಲನ್ನೋ ಕೊಳ್ಳಹೊರಟವರಿಗೆ ಹಳೆಯದೆಂಬುದೇ ಒಂದು ಗುಣ. ತಲೆಮಾರುಗಳ ಕಾಲ ಬಾಳಿದ ಮರದಲ್ಲಿ ನಾದ ಪಕ್ವವಾಗಿರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಮರಕ್ಕೆ ಸಲ್ಲುವ ಮಾತು ವಿದ್ಯುತ್ತಿನ ತಂತಿಗೂ ಬೆಸುಗೆಗೂ ಸಲ್ಲುವುದೇ?

ಇಂದು ಅನೇಕ ಮನೆಗಳಲ್ಲಿ ಈ ಪ್ರಶ್ನೆ ಎದ್ದಿದೆ. ಕಾಲೇಜಿನಲ್ಲಿ ಓದುವ ಮಗನೋ ಮಗಳೋ ಮನೆಯಲ್ಲಿಯೇ ಸಂಗೀತವನ್ನು ರಚಿಸಿ ಮುದ್ರಿಸಬೇಕೆಂದು ಹೊರಡುತ್ತಾರೆ. ಅವರ ಕಣ್ಣು ನಾಲ್ಕು ದಶಕಗಳ ಹಿಂದಿನ ಸಿಂಥಸೈಸರ್ ಒಂದರ ಮೇಲೆ ಬೀಳುತ್ತದೆ. ಜತೆಗೆ ಅದೇ ಕಾಲದ ಗಣಕಯಂತ್ರವೂ ಬೇಕೆನ್ನುತ್ತಾರೆ. ತಂದೆತಾಯಿಗಳಿಗೆ ಇದು ಹುಚ್ಚಾಟವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೂ ಇದನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಣ್ಣು ಮುಚ್ಚಿ ಒಪ್ಪುವಂತೆಯೂ ಇಲ್ಲ.

ನಾದಯಂತ್ರದ ಪೂರ್ವಕಥೆ

ಅಮೆರಿಕದ ರಾಬರ್ಟ್ ಮೋಗ್ ಎಂಬ ಎಂಜಿನಿಯರು 1964ರಲ್ಲಿ ತಮ್ಮ ನಾದಯಂತ್ರವನ್ನು ಲೋಕದ ಮುಂದಿಟ್ಟರು. ಕಂಪಿಸುವ ವಿದ್ಯುತ್ತೇ ಇಲ್ಲಿ ತಂತಿ. ಅದರಿಂದ ಹುಟ್ಟಿದ ಒರಟು ಧ್ವನಿಯನ್ನು ಸೋಸಿ, ಏರಿಸಿ, ಇಳಿಸಿ ಬೇಕಾದ ಬಣ್ಣ ಕೊಡಬಹುದು. ಗೋಡೆಯೆತ್ತರದ ಆ ಯಂತ್ರ 1970ರಲ್ಲಿ ಮಿನಿಮೋಗ್ ಎಂಬ ಹೆಸರಿನಿಂದ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಯಿತು.

ಈ ವಿದ್ಯೆ ನಮ್ಮ ದೇಶಕ್ಕೆ ತಡವಾಗಿ ಬಂದಿತೆಂದು ಭಾವಿಸುವವರು ಉಂಟು. ನಿಜಸಂಗತಿ ಬೇರೆ. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೋಗ್ ಯಂತ್ರವೊಂದನ್ನು ಸ್ಥಾಪಿಸಲಾಗಿತ್ತು. ಮುಂಬಯಿಯ ಚಿತ್ರಸಂಗೀತದ ವಾದಕರಾದ ಚರಣಜಿತ್ ಸಿಂಗ್ ಅವರು 1982ರಲ್ಲಿ ಜಪಾನಿನ ರೋಲಂಡ್ ಸಂಸ್ಥೆಯ ಮೂರು ಯಂತ್ರಗಳನ್ನು ಹೂಡಿ, ಹತ್ತು ರಾಗಗಳನ್ನು ನೃತ್ಯದ ಲಯಕ್ಕೆ ಅಳವಡಿಸಿದರು. ಆ ಕಾಲದಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಆ ಧ್ವನಿಮುದ್ರಿಕೆ 2010ರಲ್ಲಿ ಮರುಪ್ರಕಟವಾದಾಗ ಪಶ್ಚಿಮದ ಸಂಗೀತಾಸಕ್ತರು ಬೆರಗಾದರು. ಅವರು ಬಳಸಿದ ಒಂದು ಯಂತ್ರಕ್ಕೆ ಸ್ವರದಿಂದ ಸ್ವರಕ್ಕೆ ಜಾರುವ ಶಕ್ತಿಯಿತ್ತು. ಜಾರು ಬಲ್ಲ ನಮ್ಮ ಕಿವಿಗೆ ಅದರ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಸ್ವಭಾವ

ಕೊಳ್ಳುವವರ ಮುಂದೆ ಸಾಮಾನ್ಯವಾಗಿ ಮೂರು ಬಗೆಯ ಯಂತ್ರಗಳು ಬರುತ್ತವೆ.

ಮೊದಲನೆಯದು ಮಿನಿಮೋಗಿನ ಜಾತಿಯದು. ಒಮ್ಮೆಗೆ ಒಂದೇ ಸ್ವರ. ಮಾಡಿಕೊಂಡ ಧ್ವನಿಯನ್ನು ನೆನಪಿಟ್ಟುಕೊಳ್ಳುವ ಶಕ್ತಿಯೂ ಇಲ್ಲ. ಗುಂಡಿಗಳ ಸ್ಥಾನವನ್ನು ನಾವೇ ಬರೆದಿಟ್ಟುಕೊಳ್ಳಬೇಕು. ಒಂದೇ ಎಳೆಯಲ್ಲಿ ಸಾಗುವ ನಮ್ಮ ಸಂಗೀತಕ್ಕೆ ಇದು ಹೊಂದುತ್ತದೆ. ಎಡಗೈಯ ಗಾಲಿಯಿಂದ ಸ್ವರವನ್ನು ಬಾಗಿಸಿದರೆ ಹಾರ್ಮೋನಿಯಮ್ಮಿಗೆ ಎಟುಕದ ಗಮಕದ ಛಾಯೆಯೂ ಸಿಗುತ್ತದೆ. ಆದರೆ ಹಳೆಯ ಮಿನಿಮೋಗಿನ ಬೆಲೆ ಇಂದು ಸಂಗ್ರಾಹಕರ ಕೈಯಲ್ಲಿದೆ. ಸಂಸಾರಸ್ಥರು ದೂರದಿಂದಲೇ ನಮಸ್ಕರಿಸುವುದು ಮೇಲು.

ಎರಡನೆಯದು 1984ರಲ್ಲಿ ಬಂದ ರೋಲಂಡ್ ಜೂನೋ-106. ಆರು ಸ್ವರಗಳನ್ನು ಒಟ್ಟಿಗೆ ನುಡಿಸಬಹುದು. 128 ಧ್ವನಿಗಳನ್ನು ನೆನಪಿಟ್ಟುಕೊಳ್ಳುತ್ತದೆ. ನಾದದ ಒಂದೊಂದು ಅಂಗಕ್ಕೂ ಮೇಲ್ಭಾಗದಲ್ಲಿ ಪ್ರತ್ಯೇಕ ಸರಿಗುಂಡಿ ಇರುವುದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ದೊರಕದು. ಕೊರತೆಯೊಂದುಂಟು: ಬೆರಳು ಮೆಲ್ಲಗೆ ತಾಕಿದರೂ ಬಲವಾಗಿ ಬಡಿದರೂ ಧ್ವನಿ ಒಂದೇ ಸಮ.

ಮೂರನೆಯದು 1983ರ ಯಮಾಹಾ ಡಿಎಕ್ಸ್-7. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗ್ 1967ರಲ್ಲಿ ಕಂಡುಹಿಡಿದ ತತ್ತ್ವವೇ ಇದರ ಜೀವ: ಒಂದು ಕಂಪನದಿಂದ ಇನ್ನೊಂದು ಕಂಪನವನ್ನು ಅಲುಗಿಸಿ ನಾದ ಹುಟ್ಟಿಸುವುದು. ಗಂಟೆಯ ನಾದ, ಲೋಹದ ಝೇಂಕಾರ ಇದರಲ್ಲಿ ಸೊಗಸಾಗಿ ಮೂಡುತ್ತವೆ. ಹದಿನಾರು ಸ್ವರಗಳು ಒಟ್ಟಿಗೆ ನುಡಿಯುತ್ತವೆ. ಬೆರಳಿನ ಬಲವನ್ನೂ ಅರಿಯುತ್ತದೆ. ಆದರೆ ಎರಡು ಸಾಲಿನ ಪುಟ್ಟ ಪರದೆಯನ್ನು ನೋಡಿ ಹೊಸ ಧ್ವನಿ ರಚಿಸುವುದು ಕೀಲಿಕೈಯ ರಂಧ್ರದಿಂದ ಮನೆಯನ್ನು ಗುಡಿಸಿದಂತೆ!

ಗಣಕದ ಪಾತ್ರ

ಇನ್ನು ಗಣಕಯಂತ್ರದ ಮಾತು. 1983ರಲ್ಲಿ ಬೇರೆ ಬೇರೆ ಸಂಸ್ಥೆಗಳ ವಾದ್ಯಗಳು ಪರಸ್ಪರ ಮಾತನಾಡಲು ಮಿಡಿ ಎಂಬ ಸಾಮಾನ್ಯ ಭಾಷೆ ಬಳಕೆಗೆ ಬಂದಿತು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಇದರ ಮುಂದಾಳುಗಳು. ಮಿಡಿಯ ತಂತಿಯಲ್ಲಿ ನಾದ ಹರಿಯುವುದಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಯಾವ ಕೀಲಿ, ಎಷ್ಟು ಬಲ, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟದ್ದು ಎಂಬ ಸೂಚನೆ ಮಾತ್ರ ಹರಿಯುತ್ತದೆ. ಅದು ಸ್ವರಲಿಪಿಯೇ ಹೊರತು ಗಾಯನವಲ್ಲ. ಒಂದು ಸ್ವರದ ಸಂದೇಶ ಸಾಗಲು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದ ಒಂದು ಭಾಗ ಸಾಕು.

1985ರಲ್ಲಿ ಬಂದ ಅಟಾರಿ ಎಸ್‌ಟಿ ಗಣಕಕ್ಕೆ ಮಿಡಿಯ ದ್ವಾರಗಳು ಹುಟ್ಟಿನಿಂದಲೇ ಇದ್ದವು. 1989ರಲ್ಲಿ ಅದಕ್ಕಾಗಿ ಕ್ಯೂಬೇಸ್ ಎಂಬ ಸಂಗೀತ ರಚನೆಯ ತಂತ್ರಾಂಶವೂ ಬಂದಿತು. ಬೇರೆ ಕೆಲಸದ ಗೊಂದಲವಿಲ್ಲದ ಕಾರಣ ಲಯವನ್ನು ಹಿಡಿದಿಡುವುದರಲ್ಲಿ ಅಟಾರಿಗೆ ಇಂದಿಗೂ ಒಳ್ಳೆಯ ಹೆಸರಿದೆ. ಹಾಗಾದರೆ ಅದನ್ನೇ ಕೊಳ್ಳಬಹುದಲ್ಲ?

ಲೆಕ್ಕ ಹಾಕಿ ನೋಡೋಣ. ಒಂದು ನಿಮಿಷದ ಉತ್ತಮ ಧ್ವನಿಮುದ್ರಣಕ್ಕೆ ಸುಮಾರು 10 ಮೆಗಾಬೈಟ್ ಸ್ಥಳ ಬೇಕು. 1986ರ ಅಟಾರಿ 1040ರ ಇಡೀ ಸ್ಮೃತಿಯೇ ಒಂದು ಮೆಗಾಬೈಟ್! ಸ್ವರಲಿಪಿ ಬರೆದಿಡಲು ಅದು ಧಾರಾಳವಾಗಿ ಸಾಕು. ಹಾಡನ್ನು ಮುದ್ರಿಸಹೊರಟರೆ ಆರು ಸೆಕೆಂಡಿಗೆ ತುಂಬಿಹೋದೀತು. ಮಗಳ ಕಂಠವನ್ನು ಮುದ್ರಿಸಲು ಇನ್ನೊಂದು ಗಣಕ ಬಂದೇ ಬರಬೇಕು. ಆದ್ದರಿಂದ ವಾದ್ಯ ಹಳೆಯದಿರಲಿ, ಗಣಕ ಹೊಸದಿರಲಿ. ಮನೆಯಲ್ಲಿ ಈಗಾಗಲೇ ಇರುವ ಗಣಕಕ್ಕೆ ಮಿಡಿ ಮತ್ತು ಧ್ವನಿಗಳೆರಡನ್ನೂ ಸಾಗಿಸುವ ಚಿಕ್ಕ ಸಂಪರ್ಕಪೆಟ್ಟಿಗೆಯೊಂದನ್ನು ಜೋಡಿಸಿದರೆ ಕೆಲಸ ಸಾಗುತ್ತದೆ.

ಕೊಳ್ಳುವ ಮುನ್ನ

ಬರಿಯ ಚಿತ್ರ ನೋಡಿ ಹಣ ಕಳುಹಿಸುವುದು ನೀರಿನೊಳಗಿನ ಎಮ್ಮೆಗೆ ಬೆಲೆ ಕಟ್ಟಿದಂತೆ. ಸಾಧ್ಯವಾದರೆ ಎದುರಿಗೆ ಕುಳಿತು ಪರೀಕ್ಷಿಸಬೇಕು. ಜೂನೋ-106ರ ಧ್ವನಿಬಿಲ್ಲೆಗಳು ವಯಸ್ಸಾದಂತೆ ಕೆಡುವುದು ಪ್ರಸಿದ್ಧವಾದ ವಿಷಯ. ಆರು ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಒಂದೊಂದಾಗಿ ಬಿಡುತ್ತ ಬನ್ನಿ. ಒಂದು ಸ್ವರ ಕ್ಷೀಣವಾದರೂ, ಚಟಪಟ ಎಂದರೂ ಒಳಗೆ ಬೇನೆಯಿದೆಯೆಂದು ತಿಳಿಯಿರಿ. ಡಿಎಕ್ಸ್-7ರ ಒಳಗಿರುವ ಬ್ಯಾಟರಿ ಸತ್ತರೆ ಅದರ 32 ಧ್ವನಿಗಳೂ ಅಳಿಸಿಹೋಗುತ್ತವೆ. ಅದನ್ನು ಎಂದು ಬದಲಿಸಿದರೆಂದು ಕೇಳಿ. ಕೋರ್ಗ್ ಪಾಲಿಸಿಕ್ಸಿನಂಥ ಯಂತ್ರಗಳಲ್ಲಿಯಂತೂ ಬ್ಯಾಟರಿ ಸೋರಿ ಒಳಗಿನ ಫಲಕವನ್ನೇ ತಿಂದುಹಾಕಿರುವುದುಂಟು.

ಎಲ್ಲಕ್ಕಿಂತ ಮುಖ್ಯವಾದುದು ವಿದ್ಯುತ್ತಿನ ಒತ್ತಡ. ಜಪಾನಿನ ಮನೆಗಳಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಜಪಾನಿನ ಬಳಕೆಗೆ ತಯಾರಾದ ಯಂತ್ರವನ್ನು ನೇರವಾಗಿ ನಮ್ಮ ಗೋಡೆಗೆ ಚುಚ್ಚಿದರೆ ಅದರ ಆಯುಸ್ಸು ಅಲ್ಲಿಗೇ ಮುಗಿದೀತು. ಹಿಂಬದಿಯ ಫಲಕವನ್ನು ಓದದೆ ಸ್ವಿಚ್ಚನ್ನು ಮುಟ್ಟಕೂಡದು. ಅಗತ್ಯವಿದ್ದಲ್ಲಿ ತಕ್ಕ ಟ್ರಾನ್ಸ್‌ಫಾರ್ಮರನ್ನು ಇಟ್ಟುಕೊಳ್ಳಬೇಕು. ಬೆಲೆಯ ಜತೆಗೆ ರಿಪೇರಿಗೂ ಹಣ ತೆಗೆದಿಡುವುದು, ಕೈಗೆಟುಕುವ ಊರಿನಲ್ಲಿ ಬಲ್ಲ ಕುಶಲಕರ್ಮಿಯಿದ್ದಾನೆಯೇ ಎಂದು ವಿಚಾರಿಸಿಕೊಳ್ಳುವುದು ವಿವೇಕ.

ಹಣವಿಲ್ಲದವರು ನಿರಾಶರಾಗಬೇಕಾಗಿಲ್ಲ. ಡಿಎಕ್ಸ್-7ರ ನಾದವೆಲ್ಲ ಗಣಿತದಿಂದ ಹುಟ್ಟಿದ್ದು. ಅದನ್ನು ಬಹು ನಿಷ್ಠೆಯಿಂದ ಅನುಕರಿಸುವ ಡೆಕ್ಸೆಡ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಆರು ತಿಂಗಳು ಅದರಲ್ಲಿ ಸಾಧನೆ ನಡೆಯಲಿ. ಆಮೇಲೂ ಆಸೆ ಉಳಿದಿದ್ದರೆ ಅದು ಹುಚ್ಚಾಟವಲ್ಲ, ಹಸಿವು. ಅಂಥ ಹಸಿವಿಗೆ ಜೂನೋದಂಥ ಯಂತ್ರ ಒಳ್ಳೆಯ ಊಟ.

ಅವಸರದಲ್ಲಿ ಕೊಂಡ ಕೆಟ್ಟ ಯಂತ್ರ ಮಂಚದ ಕೆಳಗೆ ಸೇರಿದಾಗ ನಷ್ಟವಾಗುವುದು ಹಣ ಮಾತ್ರವೇ ಅಲ್ಲ. ಅದರೊಂದಿಗೆ ಎಳೆಯ ಮನಸ್ಸಿನ ಉತ್ಸಾಹವೂ ಅಲ್ಲಿಯೇ ಧೂಳು ಹಿಡಿಯುತ್ತದೆ. ಆದುದರಿಂದ ಹಿರಿಯರು ಬೇಡವೆಂದು ಗದರಿಸುವ ಬದಲು ಪರೀಕ್ಷೆಯ ದಿನ ಮಕ್ಕಳ ಜತೆಯಲ್ಲಿ ಹೋಗುವುದು ಲೇಸು. ವೋಲ್ಟೇಜಿನ ಫಲಕವನ್ನು ಅವರು ಓದಲಿ, ಆರು ಕೀಲಿಗಳನ್ನು ಮಕ್ಕಳು ಒತ್ತಲಿ.